ಬಾಗಿಲಿನ ಹಿಂಬದಿ

ಕುಲುಮೆ,
ಭಾನುವಾರ, ಮಧ್ಯಾಹ್ನ

ಬಡಗಿಯವರಿಗೆ,

ನಮಸ್ಕಾರ. ಇಷ್ಟು ವರ್ಷ ‘ರೀ’ ಎಂದು ಕೂಗಿದ ಬಾಯಿಗೆ ‘ಬಡಗಿಯವರೇ’ ಎನ್ನುವುದು ಒಗ್ಗುತ್ತಿಲ್ಲ. ಆದರೂ ಇದು ಕೆಲಸದ ಕಾಗದ, ಹಾಗೆಯೇ ಇರಲಿ. ನಿಮ್ಮ ಯೋಗಕ್ಷೇಮ ವಿಚಾರಿಸಲು ಬರೆಯುತ್ತಿದ್ದೇನೆ ಎಂದು ತಿಳಿದು ಬೀಗಬೇಡಿ. ನನಗೆ ಬೇಕಾಗಿರುವುದು ಒಂದು ಹಲಗೆ ತುಂಡು, ಅಷ್ಟೇ.

ಮಗಳ ಹೊಸ ಮನೆಗೆ ನೀವು ಮಾಡುತ್ತಿರುವ ಮುಂಬಾಗಿಲಿಗೆ ನಾನು ಮಾಡಿಕೊಟ್ಟ ಮೊಳೆಗಳು ಗಿಡ್ಡವಾಗಿವೆ. ಗುರುವಾರ ಬಸ್ಸಿನ ಡ್ಯೂಟಿ ಮುಗಿಸಿ, ಕಂಡಕ್ಟರ್ ಬಟ್ಟೆಯಲ್ಲೇ ಬಂದವಳು ಮೊಳೆಯ ಚೀಲವನ್ನು ನಾನು ಕಬ್ಬಿಣ ಬಡಿಯುವ ಅಡೆಗಲ್ಲಿನ ಮೇಲೆ ದಬಕ್ಕನೆ ಇಟ್ಟಳು. “ಅಮ್ಮಾ, ನಿನ್ನ ಮೊಳೆ ಹಲಗೆ ದಾಟಿ ಆಚೆ ಮೂಗೂ ತೋರಿಸ್ತಿಲ್ಲ, ಇನ್ನು ತುದಿ ಅಂತ ಮಡಿಸೋದೇನನ್ನ?” ಎಂದಳು. ಈ ಸಿಟ್ಟು ಅವಳಿಗೆ ಯಾರ ಕಡೆಯಿಂದ ಬಂತೆಂದು ನಾವಿಬ್ಬರೂ ಹಿಂದೆ ಬೇಕಾದಷ್ಟು ವಾದ ಮಾಡಿದ್ದೇವೆ. ಈಗ ಬೇಡ.

ನೀವು ಅವಳ ಬಾಯಲ್ಲಿ ಹಲಗೆಯ ದಪ್ಪವನ್ನಷ್ಟೇ ಹೇಳಿ ಕಳಿಸಿದಿರಿ. ಹಲಗೆಗಳನ್ನು ಹಿಂಬದಿಯಲ್ಲಿ ಬಿಗಿಯುವ ಅಡ್ಡಪಟ್ಟಿಯ ದಪ್ಪವನ್ನು ನಾನೇ ಸೇರಿಸಿಕೊಳ್ಳುತ್ತೇನೆ ಎಂದುಕೊಂಡಿರಿ. ಹೌದು, ಮೊದಲೆಲ್ಲ ಸೇರಿಸಿಕೊಳ್ಳುತ್ತಿದ್ದೆ. ಆದರೆ ನಿಮ್ಮಂತೆ ಕಾರ್ಖಾನೆಯಲ್ಲಿ ಸ್ಕ್ರೂ ತಿರುಗಿಸಿ ಅಭ್ಯಾಸವಾದವರು ಎಲ್ಲ ಸೇರಿಸಿಯೇ ಅಳತೆ ಹೇಳಿರುತ್ತಾರೆ ಎಂದು ನಾನು ಅಂದಾಜು ಮಾಡಿದೆ. ನೀವು ನನ್ನನ್ನು ಹಳಬಳೆಂದು ನಂಬಿದಿರಿ, ನಾನು ನಿಮ್ಮನ್ನು ಹೊಸಬರೆಂದುಕೊಂಡೆ. ನಡುವೆ ಮೊಳೆ ಗಿಡ್ಡವಾಯಿತು.

ಮಗಳು ತಿಂಗಳ ಕೊನೆಗೆ ಬಾಡಿಗೆ ಕೋಣೆ ಬಿಡಬೇಕು. ಹೊಸ ಮನೆಯಲ್ಲಿ ಬಾಗಿಲಿನ ಜಾಗಕ್ಕೆ ಒಂದು ತಗಡು ಕಟ್ಟಿದ್ದಾಳೆ, ಗಾಳಿ ಬಂದಾಗಲೆಲ್ಲ ಅದು ಬಡಿದುಕೊಳ್ಳುತ್ತದಂತೆ. “ಅಪ್ಪ ಅಮ್ಮ ಇಬ್ಬರೂ ಊರಿಗೆಲ್ಲ ಬಾಗಿಲು ಮಾಡಿಕೊಟ್ಟೋರು, ನನ್ನ ಮನೆಗೆ ಮಾತ್ರ ತಗಡು. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರದ ತನಕ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಅಂಗಡಿಯಿಂದ ರೆಡಿಮೇಡ್ ಬಾಗಿಲು ತಂದು ಹಾಕಿಸ್ತೀನಿ. ನೀವಿಬ್ಬರೂ ನಿಮ್ಮ ನಿಮ್ಮ ಹಟ ತಬ್ಬಿಕೊಂಡು ಕೂತಿರಿ” ಎಂದಳು. ಆ ಮಾತು ನನಗೆ ನಾಟಿತು. ನಿಮಗೂ ನಾಟಲಿ ಎಂದೇ ಒಂದಕ್ಷರ ಬಿಡದೆ ಬರೆದಿದ್ದೇನೆ.

ಮೊದಲು ಹೀಗಾಗುತ್ತಿರಲಿಲ್ಲ. ಬಾಯಿಮಾತಿನ ಅಳತೆ ನನ್ನ ಅಪ್ಪನ ಕಾಲದಲ್ಲಿ ಈ ಕುಲುಮೆಯೊಳಗೆ ನಡೆದೇ ಇಲ್ಲ. ಬಡಗಿಯಾದವನು ಬಾಗಿಲಿನದೇ ಮರದಲ್ಲಿ, ಹಲಗೆಯೂ ಅಡ್ಡಪಟ್ಟಿಯೂ ಸೇರಿದ ಒಂದು ತುಂಡು ತರಬೇಕು. ನಾವು ಅದಕ್ಕೊಂದು ಮೊಳೆ ಹೊಡೆದು, ಆಚೆ ಹೊರಟ ತುದಿಯನ್ನು ತಿರುಗಿಸಿ ಮರದೊಳಕ್ಕೇ ಮಡಿಸಿ ವಾಪಸ್ ಕೊಡಬೇಕು. ಮೊಳೆ ಕೂತ ತುಂಡು ಬಡಗಿಯ ಕೈ ಸೇರಿತೆಂದರೆ ಒಪ್ಪಿಗೆಯಾಯಿತು ಎಂದರ್ಥ.

ನೀವು ಮೊದಲ ಸಲ ತುಂಡು ಹಿಡಿದು ಬಂದದ್ದು ನೆನಪಿದೆಯೇ? ಅಪ್ಪನ ಕೈಲಿ ಇಕ್ಕಳ, ನನ್ನ ಕೈಲಿ ಸುತ್ತಿಗೆ. ನಿಮ್ಮ ಮೀಸೆ ತುಂಬ ಮರದ ಪುಡಿ. ಹುಡುಗಿ ಮೊಳೆ ಹೊಡೆಯುತ್ತಾಳೆಯೇ ಎಂದು ಅಪ್ಪನ ಕಡೆ ನೋಡಿದಿರಿ. ನಾನು ಒಂದೇ ಏಟಿಗೆ ತುದಿ ಮಡಿಸಿ ನಿಮ್ಮ ಕೈಲಿಟ್ಟೆ. ಮರುದಿನ ಬಂದು ಮೊಳೆ ಸಡಿಲ ಎಂದಿರಿ. ಇನ್ನೊಂದು ದಿನ ಮೊಳೆಯ ತಲೆ ದೊಡ್ಡದಾಯಿತು ಎಂದಿರಿ. ಆಮೇಲೆ ತಲೆ ಚಿಕ್ಕದಾಯಿತು ಎಂದಿರಿ. ಬಂದಾಗಲೆಲ್ಲ ಹೊಸ ತುಂಡು. ಸುತ್ತಿಗೆಯ ಸದ್ದಿಗೆ ಅರ್ಧ ಕಿವುಡಾಗಿದ್ದ ಅಪ್ಪ, ಗುಟ್ಟು ಹೇಳುತ್ತಿದ್ದೇನೆಂದುಕೊಂಡು ಇಡೀ ಬೀದಿಗೆ ಕೇಳುವಂತೆ, “ಮಗಳೇ, ಇವನ ಬಾಗಿಲು ಕೂತು ಎಷ್ಟೋ ದಿನ ಆಯ್ತು, ನಾನೇ ಹೋಗಿ ನೋಡ್ಕೊಂಡು ಬಂದೆ. ಇವನಿಗೆ ಬೇಕಾಗಿರೋದು ಮೊಳೆ ಅಲ್ಲ ಕಣೇ” ಎಂದರು. ನಿಮ್ಮ ಕಿವಿ ಕಾದ ಕಬ್ಬಿಣದ ಹಾಗೆ ಕೆಂಪಾಗಿತ್ತು. ಓಡಿಹೋಗುವ ಅವಸರದಲ್ಲಿ ತುಂಡು ಇಲ್ಲೇ ಬಿಟ್ಟುಹೋದಿರಿ.

ಮದುವೆಯಾದ ಮೇಲೆ ಬಾಗಿಲುಗಳನ್ನು ಇಬ್ಬರೂ ಸೇರಿಯೇ ಕೂರಿಸಿದೆವು. ಬೇರೆ ದಾರಿಯೂ ಇರಲಿಲ್ಲವೆನ್ನಿ. ಮುಂದಿನಿಂದ ಮೊಳೆಯ ತಲೆಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಲು ಒಬ್ಬರು ಬೇಕು, ಹಿಂದಿನಿಂದ ತುದಿ ಮಡಿಸಲು ಒಬ್ಬರು. ಒಬ್ಬರೇ ಮಾಡಹೊರಟರೆ ಏಟಿಗೆ ಮೊಳೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ನೀವು ಮುಂದೆ, ನಾನು ಹಿಂದೆ. ಯಾವ ಬದಿ ಯಾವುದೆಂಬ ಗುರುತಿಗೆ ಬೇರೆ ಬಡಗಿಗಳು ಗೀಟು ಎಳೆದರೆ, ನೀವು ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಕಿಡಿ’ ಎಂದು ಬರೆಯುತ್ತಿದ್ದಿರಿ. ನೀವು ನನಗೆ ಇಟ್ಟಿದ್ದ ಹೆಸರು. ಕೆಲಸ ಮುಗಿದ ಕೂಡಲೇ ಉಪ್ಪುಕಾಗದ ಉಜ್ಜಿ ಅಳಿಸಿಬಿಡುತ್ತಿದ್ದಿರಿ, ಮನೆಯವರು ನೋಡಿ ನಕ್ಕಾರು ಎಂದು.

ಎದುರು ಕೂರಿಸಿದರೆ ಹೂಂ, ಉಹೂಂ ಬಿಟ್ಟು ಮೂರನೆಯ ಮಾತು ಬಾರದ ನಿಮಗೆ, ನಡುವೆ ಒಂದು ಹಲಗೆ ಬಂತೆಂದರೆ ಎಲ್ಲಿಲ್ಲದ ಬಾಯಿ ಬರುತ್ತಿತ್ತು. ಆ ದರ್ಜಿಯ ಮನೆಯಲ್ಲಿ ಆದದ್ದು ಮರೆತಿಲ್ಲ ತಾನೆ? ಬಾಗಿಲಿನ ಆಚೆಯಿಂದ, “ನೀನು ಆ ಕಡೆ ಇದೀಯ ಅಂತ ಗೊತ್ತಿದ್ರೆ ಸಾಕು ಕಣೇ, ನನ್ನ ಕೈ ಅಲ್ಲಾಡಲ್ಲ” ಎಂದಿರಿ. ಈ ಕಡೆ ನಾನೊಬ್ಬಳೇ ಇರಲಿಲ್ಲ, ದರ್ಜಿಯ ಹೆಂಡತಿ ಚಹಾ ಹಿಡಿದು ನಿಂತಿದ್ದಳು. ಅವಳು ನಕ್ಕ ರಭಸಕ್ಕೆ ಲೋಟಗಳು ಗಲಗಲ ಎಂದವು. ನಾನು ನಾಚಿಕೊಂಡು ಮೊಳೆ ಬಿಟ್ಟು ಹೆಬ್ಬೆರಳಿಗೆ ಹೊಡೆದುಕೊಂಡೆ. ಆ ಉಗುರು ಇನ್ನೂ ಸೊಟ್ಟಗೇ ಬೆಳೆಯುತ್ತದೆ.

ಆಮೇಲಿನದನ್ನು ಬರೆಯಬಾರದು ಎಂದುಕೊಂಡಿದ್ದೆ. ಹೊಳೆಯಾಚೆಯ ಕಾರ್ಖಾನೆಯಲ್ಲಿ ನಿಮಗೆ ಕೆಲಸ ಸಿಕ್ಕಿತು. ಕುಲುಮೆ ಮುಚ್ಚಿ ಬಾ ಎಂದಿರಿ. ಅಪ್ಪ ಹಚ್ಚಿದ ಬೆಂಕಿಯನ್ನು ನಾನು ಹೇಗೆ ಆರಿಸಲಿ ಎಂದೆ. ಕೈಕೆಲಸದ ಬಾಗಿಲು ಕೇಳುವವರೇ ಇಲ್ಲ ಎಂಬ ನಿಮ್ಮ ಮಾತೂ ಸುಳ್ಳಲ್ಲ, ನನ್ನ ಮಾತೂ ಸುಳ್ಳಲ್ಲ. ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದಿರಿ. ಆಮೇಲೆ ಮಗಳನ್ನು ನೋಡುವ ನೆಪಕ್ಕೆ ಬಂದಿರಿ. ಅವಳಿಗೂ ಕೆಲಸ ಸಿಕ್ಕಿ ಬೇರೆ ಹೋದ ಮೇಲೆ ನಿಮಗೆ ನೆಪವೇ ಉಳಿಯಲಿಲ್ಲ.

ನಾನು ಚೆನ್ನಾಗಿದ್ದೇನೆ. ಹಳೆಯ ಮನೆ ಕೊಂಡು ದುರಸ್ತಿ ಮಾಡಿಸುವವರು ಈಗೀಗ ಹುಡುಕಿಕೊಂಡು ಬರುತ್ತಾರೆ. ತಿದಿ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ, ಗುಂಡಿ ಒತ್ತಿದರೆ ಸಾಕು. ಕೆಲಸ ಮುಗಿಸಿ ಅದನ್ನು ನಿಲ್ಲಿಸಿದಾಗ ಮಾತ್ರ ಕುಲುಮೆ ತುಂಬ ಮೌನವಾಗಿಬಿಡುತ್ತದೆ. ಆಗ ನನಗೆ ಅಳು ಬರುತ್ತದೆ. ಹೊಗೆಗೆ ಎಂದು ಬರೆಯಬಹುದಿತ್ತು, ಆದರೆ ಆ ಹೊತ್ತಿಗೆ ಬೆಂಕಿ ಆರಿರುತ್ತದೆ.

ಇರಲಿ. ಮಗಳ ಬಾಗಿಲಿಗೆ ಉದ್ದ ಪಟ್ಟಿಯ ಕೀಲುಗಳು, ಚಿಲಕ, ಬಂದವರು ಬಡಿಯುವ ಬಳೆ ಎಲ್ಲ ಸಿದ್ಧವಾಗಿವೆ. ಬಿಸಿ ಇರುವಾಗಲೇ ಎಣ್ಣೆಯಲ್ಲಿ ಅದ್ದಿದ್ದರಿಂದ ಕಪ್ಪು ಚೆನ್ನಾಗಿ ಹಿಡಿದಿದೆ. ಕೀಲಿನ ತುದಿಯನ್ನು ಎಲೆಯ ಆಕಾರಕ್ಕೆ ಬಡಿದಿದ್ದೇನೆ. ನಿಮಗೆ ಆ ಎಲೆ ಇಷ್ಟವೆಂದಲ್ಲ, ಮಗಳು ಕೇಳಿದಳು. ಬಳೆಯನ್ನು ಒಮ್ಮೆ ಬಡಿದು ನೋಡಿದೆ. ಒಳಗಿನ ಕೋಣೆಯಲ್ಲಿ ನಿದ್ದೆ ಹೋದವರೂ ಏಳಬೇಕು, ಅಂಥ ದನಿ.

ಈಗ ಮೊಳೆಗಳು ಮಾತ್ರ ಆಗಬೇಕು. ಅದಕ್ಕೆ ನನಗೆ ಹಲಗೆ ತುಂಡು ಬೇಕು. ಬಾಯಿಮಾತಿನ ಅಳತೆಯ ಗತಿ ಏನಾಯಿತೆಂದು ನೋಡಿದಿರಲ್ಲ. ಈ ಕಾಗದವನ್ನು ಮಗಳ ಬಸ್ಸಿನಲ್ಲೇ ಕಳಿಸುತ್ತಿದ್ದೇನೆ. ತುಂಡನ್ನು ಮಾತ್ರ ಅವಳ ಕೈಲಿ ಕಳಿಸಬೇಡಿ. ನಮ್ಮಿಬ್ಬರ ನಡುವೆ ಹೊತ್ತು ಹೊತ್ತು ಅವಳಿಗೆ ಸಾಕಾಗಿದೆ. ನೀವೇ ತನ್ನಿ. ಬರುವ ಭಾನುವಾರದೊಳಗೆ ಬಂದರೆ ಮಗಳ ಮನೆಗೆ ಬಾಗಿಲಾಗುತ್ತದೆ.

ಇಂತಿ,
ಕುಲುಮೆಯ ಯಜಮಾನಿ

ಮರೆತಿದ್ದೆ: ಮೊಳೆಗಳು ನಿನ್ನೆಯೇ ಆದವು. ಶುಕ್ರವಾರ ನೀವು ಕಾರ್ಖಾನೆಯಲ್ಲಿದ್ದ ಹೊತ್ತಿನಲ್ಲಿ ಮಗಳ ಮನೆಗೆ ಹೋಗಿ, ಗೋಡೆಗೆ ಒರಗಿಸಿಟ್ಟ ಕದವನ್ನು ನಾನೇ ಅಳೆದುಕೊಂಡು ಬಂದೆ. ಅಳೆಯುವಾಗ ಹಿಂಬದಿಯಲ್ಲಿ ಪೆನ್ಸಿಲಿನಿಂದ ನೀವು ಬರೆದಿರುವುದು ಕಣ್ಣಿಗೆ ಬಿತ್ತು. ಈ ಸಲ ಅದನ್ನು ಉಜ್ಜಿ ಅಳಿಸಬೇಡಿ. ಹಲಗೆ ತುಂಡು ಮರೆತು ಬಂದರೂ ಪರವಾಗಿಲ್ಲ.