ಕಸ್ತೂರಿಯ ಹದಿನೆಂಟು ಕನಸಿನ ಹಾಡುಗಳು

೯ ಫೆಬ್ರವರಿ ೧೯೮೮, ಬೇಡಕಿಹಾಳ
ಹಾಲು ಡೇರಿಗೆ ಹೋಯಿತು. ಕಬ್ಬು ಕಡಿಯುವವರಿಗೆ ರೊಟ್ಟಿಯೂ ಆಯಿತು. ಅತ್ತೆಯವರಿಗೆ ಉಸಿರು ಕಡಿಮೆ. ಅವರ ಬೀಸುವ ಪದಗಳನ್ನು ಟೇಪಿನಲ್ಲಿ ಹಿಡಿದಿಡಬೇಕೆನಿಸಿತು. ಮನೆಯಲ್ಲಿದ್ದದ್ದು ಮಗಳು ಕಸ್ತೂರಿಯ ಒಂದೇ ಕ್ಯಾಸೆಟ್. ರೆಕಾರ್ಡ್ ಗುಂಡಿ ಕೆಳಗಿಳಿಯಲೇ ಇಲ್ಲ. ಮೈದುನ ಮುರಗೆಪ್ಪ ತಿರುವಿ ನೋಡಿದ.
"ವೈನಿ, ಅಂಚಿನ ಪ್ಲಾಸ್ಟಿಕ್ ಮುರದೈತಿ ನೋಡ್ರಿ."
ಬೀಡಿ ಕಟ್ಟಿನ ಲೇಬಲ್ ಅಂಟಿಸಿ ತೂತು ಮುಚ್ಚಿದ. ನಡೆಯಿತು. ಅತ್ತೆಯವರು ಎರಡೂ ಬದಿ ತುಂಬುವಷ್ಟು ಹಾಡಿದರು. ಕನಸಿನಲ್ಲಿ ತವರಿಗೆ ಹೋದ ಪದ ಹಾಡುವಾಗ ಕಣ್ಣು ಮುಚ್ಚಿಕೊಂಡಿದ್ದರು.

೧೩ ಫೆಬ್ರವರಿ, ಶನಿವಾರ
ಕಸ್ತೂರಿ ಚಿಕ್ಕೋಡಿಯ ಕಾಲೇಜಿನಿಂದ ಬಂದಳು. ಕ್ಯಾಸೆಟ್ ಹಾಕಿದಳು. ಅಜ್ಜಿಯ ದನಿ ಕೇಳಿ ಮುಖ ಬಿಳಿಚಿತು. ಆ ಪ್ಲಾಸ್ಟಿಕ್ ತಾನಾಗಿ ಮುರಿದದ್ದಲ್ಲ — ಯಾರೂ ಅಳಿಸಬಾರದೆಂದು ಅವಳೇ ಮುರಿದದ್ದಂತೆ. ನಮಗೇನು ಗೊತ್ತು?
"ಹದಿನೆಂಟು ಹಾಡ, ಅವ್ವಾ! ಮೂರು ವರ್ಷ ಲಂಡನ್ ರೇಡಿಯೋ ಮುಂದ ಕುಂತು ಕೂಡಿಸಿದ್ದೆ. ಎಲ್ಲಾ ಕನಸಿನ ಹಾಡ."
"ಇಂಗ್ಲಿಷರಿಗೆ ಅಷ್ಟ್ಯಾಕ ಕನಸ ಬೀಳ್ತಾವ? ಉಂಡದ್ದು ಕರಗೂದಿಲ್ಲೇನ?" ಎಂದೆ.
ಮುರಗೆಪ್ಪ ನಕ್ಕ. ಅವಳು ನಗಲಿಲ್ಲ.
ತಪ್ಪಾಯಿತು ಎನ್ನಬಹುದಿತ್ತು. ಈ ಮನೆಯಲ್ಲಿ ನಾನು ಯಾರಿಗೂ ಹಾಗೆ ಅಂದವಳಲ್ಲ.

೨೦ ಮೇ
ಅತ್ತೆಯವರು ಹೋಗಿ ಎರಡು ತಿಂಗಳು. ಕಸ್ತೂರಿಯ ಮದುವೆ ಆಯಿತು. ಅಥಣಿಗೆ ಕಳಿಸಿದೆವು. ಅಜ್ಜಿಯ ಫೋಟೋದ ಮುಂದೆ ನಿಂತು ಅತ್ತಳು. ನನ್ನ ಕಾಲಿಗೆ ಬಿದ್ದಳು — ಮುಖ ನೋಡಲಿಲ್ಲ.

೧೭ ಆಗಸ್ಟ್
ಪಂಚಮಿಗೆ ಕರೆಯಲು ಹೋದ ಮುರಗೆಪ್ಪ ಒಬ್ಬನೇ ಬಂದ. ಮೊದಲ ಪಂಚಮಿಗೆ ತವರಿಗೆ ಬಾರದ ಮಗಳು ಎಲ್ಲಾದರೂ ಉಂಟೇ?
"ದ್ರಾಕ್ಷಿ ಚಾಟಣಿ ಐತಿ ಅಂದ್ಲ್ರಿ, ವೈನಿ."
"ಶ್ರಾವಣದಾಗ ಯಾವ ದ್ರಾಕ್ಷಿ ಬಳ್ಳಿ ಕತ್ತರಸ್ತಾರೋ? ಸುಳ್ಳ ಹೇಳೂದೂ ಕಲಸಲಿಲ್ಲ ನೋಡ ನಾ ಆಕಿಗೆ."
ಜೋಕಾಲಿ ಕಟ್ಟಿಸಿದ್ದೆ. ಓಣಿಯ ಹುಡುಗಿಯರು ಬಂದು ಆಡಿ ಹೋದರು.

೪ ಜೂನ್ ೧೯೮೯, ಸಂಜೆ ೬
ರೇಡಿಯೋಗೆ ಹೊಸ ಸೆಲ್ ಹಾಕಿಸಿದೆ. ಖಾಲಿ ಕ್ಯಾಸೆಟ್ ತರಿಸಿದೆ. ಯಾಕೆಂದು ಯಾರೂ ಕೇಳಲಿಲ್ಲ. ಕೇಳುವ ಧೈರ್ಯ ಬೇಕಲ್ಲ.
ಲಂಡನ್ ಸ್ಟೇಷನ್ ಗೊರಗೊರ ಅನ್ನುತ್ತದೆ. ಹಾಡಿನಲ್ಲಿ ನನಗೆ ತಿಳಿಯುವುದು ಒಂದೇ ಶಬ್ದ, ಡ್ರೀಮ್. ನಿಪ್ಪಾಣಿ ಹೈಸ್ಕೂಲಿನಲ್ಲಿ ಮಾಸ್ತರರು ನೂರು ಸಲ ಬರೆಸಿದ್ದರು. ಟೇಪನ್ನು ರೇಡಿಯೋ ಮುಂದಿಟ್ಟುಕೊಂಡು, ಹಾಡು ಶುರುವಾದೊಡನೆ ಗುಂಡಿ ಒತ್ತಬೇಕು. ಆ ಶಬ್ದ ಬರದಿದ್ದರೆ ಹಿಂದಕ್ಕೆ ತಿರುಗಿಸಿ, ಅದರ ಮೇಲೆಯೇ ಮುಂದಿನದು.
ಎರಡು ಸಿಕ್ಕವು.

೨ ಜುಲೈ
ಒಂಬತ್ತು. ಇಷ್ಟೊಂದು ಕನಸು! ನಮ್ಮನ್ನು ಆಳಿ ಹೋದವರಿಗೆ ಏನು ಕಮ್ಮಿಯಾಗಿತ್ತೋ... ಒಬ್ಬ ಬೇಡಿಕೊಂಡಂತೆ ಹಾಡುತ್ತಾನೆ. ಒಬ್ಬಳದು ಎದ್ದ ಮೇಲೆ ಮಂಚದ ಅಂಚಿನಲ್ಲಿ ಕೂತವಳ ದನಿ. ಅರ್ಥ ಬೇಕಾಗುವುದಿಲ್ಲ.
ಮದುವೆಯಾಗಿ ಬಂದ ವರ್ಷ ನನಗೂ ದಿನಾ ತವರು ಕೊಗನೊಳ್ಳಿಯ ಕನಸು. ಹಿತ್ತಲು, ರಸ್ತೆಯ ಲಾರಿಗಳ ಸದ್ದು, ಅವ್ವನ ಬೆನ್ನು. ಬೆಳಿಗ್ಗೆ ಅತ್ತೆಯವರು, "ತವರಿಗೆ ಹೋಗಿ ಬಂದೀಯೇನ? ಮಾರಿ ನೋಡಿದ್ರ ತಿಳೀತೈತಿ ಬೇ" ಎಂದು ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದರು.
ಕಸ್ತೂರಿಗೆ ಅಥಣಿಯಲ್ಲಿ ಯಾರು ಹಾಗೆ ಕೇಳುತ್ತಾರೆ? ನಾನಂತೂ ಯಾವತ್ತೂ ಕೇಳಲಿಲ್ಲ.

೩೦ ಜುಲೈ
ಹದಿನೆಂಟು ಮುಗಿದವು. ಮುರಗೆಪ್ಪನ ಕೈಯಲ್ಲಿ ಅಥಣಿಗೆ ಕಳಿಸಿದೆ. ಯಜಮಾನರು, "ಒಂದ್ ಚೀಟಿ ಬರದು ಇಡು" ಎಂದರು.
"ಬರಿಯಾಕ ಏನೈತ್ರಿ?"
ಅವರಿಗೆ ನಾನು ಗೊತ್ತು.

೫ ಆಗಸ್ಟ್
ನಾಳೆ ಪಂಚಮಿ. ಮಧ್ಯಾಹ್ನದ ಬಸ್ಸಿನಿಂದ ಮುರಗೆಪ್ಪ ಇಳಿದ. ಹಿಂದೆ ಕಸ್ತೂರಿ! ಸ್ವಲ್ಪ ಬಡವಾಗಿದ್ದಾಳೆ. ಚಹಾ ಕುಡಿದು ಕ್ಯಾಸೆಟ್ ಹಾಕಿದಳು. "ಕೇಳ ಅವ್ವಾ" ಎಂದಳು.
ಹನ್ನೊಂದನೆಯ ಹಾಡು ಮುಗಿಯಿತು. ಆಮೇಲೆ ನನ್ನ ದನಿ. ಅವತ್ತು ಆ ಹಾಡು ಹಿಡಿದ ಮೇಲೆ ಟೇಪ್ ನಿಲ್ಲಿಸುವುದನ್ನು ಮರೆತಿದ್ದೆ.
"ಆಕಿ ಬರಲಾರದ ಪಂಚಮಿಗೆ ಉಂಡಿ ಯಾಕ ಕಟ್ಟಬೇಕ್ರಿ? ತಪ್ಪು ನಂದ ಐತಿ. ಹೇಳಾಕ ಬಾಯಿ ಬರವಲ್ದು."
ಯಜಮಾನರ ಕೆಮ್ಮೂ ಇತ್ತು.
ಬಂದ್ ಮಾಡಲು ಎದ್ದೆ. ಕೈ ಹಿಡಿದಳು. "ಇರ್ಲಿ ಬಿಡು."
ಅಡುಗೆಮನೆಗೆ ಬಂದು ಕೂತಿದ್ದೇನೆ. ಹಾಡು ಬಿಟ್ಟು ಅದನ್ನೇ ಮೂರನೆಯ ಸಲ ಹಾಕಿದ್ದಾಳೆ, ನಾಚಿಕೆಯಿಲ್ಲದವಳು. ಮುರಗೆಪ್ಪ ನಗಾಡುತ್ತಿದ್ದಾನೆ.
"ಅವ್ವಾ, ಬಾ ಇಲ್ಲೆ" — ಕರೆಯುತ್ತಿದ್ದಾಳೆ. ಟೇಪು ಹೇಳಿದ್ದು ಸಾಲದು. ಹೋಗಿ ಎದುರಿಗೇ ಒಂದು ಸಲ...