ನಿನ್ನ ಮಗಳಿಗೊಂದು ಶಿಫಾರಸು

ಡಿಸೆಂಬರ್ 11, ಗುರುವಾರ
ಭೌತಶಾಸ್ತ್ರ ವಿಭಾಗ, ಎರಡನೇ ಮಹಡಿ

ಪ್ರೀತಿಯ ಜಾಣೆ,

ಕಾಲೇಜಿನಲ್ಲಿ ನಿನ್ನನ್ನು ಹಾಗೆ ಕರೆಯುತ್ತಿದ್ದವಳು ನಾನೊಬ್ಬಳೇ. ಇಪ್ಪತ್ತಾರು ವರ್ಷ ಒಂದು ಸಾಲೂ ಬರೆಯದವಳು ಈಗ ಎರಡು ಪುಟ ಬರೆದಿದ್ದೀಯ. ಮಗಳು ನನ್ನ ಕೈಕೆಳಗೆ ಓದಲು ಶುರು ಮಾಡಿ ಎರಡು ವರ್ಷವಾಯಿತು; ನನ್ನ ನೆನಪು ಉಕ್ಕಿ ಬಂದದ್ದು ಮಾತ್ರ ಶಿಫಾರಸು ಪತ್ರ ಬೇಕಾದಾಗ. ಸಂತೋಷ.

ವಿದೇಶದ ಎಂ.ಎಸ್ಸಿ.ಗೆ ಅರ್ಜಿ ಹಾಕುವಾಗ, ವೈದ್ಯಕೀಯ ಭೌತಶಾಸ್ತ್ರಕ್ಕೆ ಇವಳು ಹೇಳಿ ಮಾಡಿಸಿದವಳು ಎಂದು ನಾನು ಬರೆಯಬೇಕಂತೆ. ಕೋರ್ಸ್ ಮುಗಿದರೆ ಆಸ್ಪತ್ರೆಯ ರೇಡಿಯೇಷನ್ ವಿಭಾಗದಲ್ಲಿ ಕೆಲಸ ಗ್ಯಾರಂಟಿಯಂತೆ. ಅವಳ ತಲೆಗೆ ಹೊಕ್ಕಿರುವ ಅತಿಶೀತ ಭೌತಶಾಸ್ತ್ರದ ಹುಚ್ಚನ್ನೂ ನಾನೇ ಬಿಡಿಸಬೇಕಂತೆ.

ಆ ಹುಚ್ಚು ಎಂಥದ್ದೆಂದು ಕೇಳು. ಕಳೆದ ತಿಂಗಳು ನಮ್ಮ ಲ್ಯಾಬಿನಲ್ಲಿ ಅತಿಶೀತ ಪ್ರಯೋಗ ನಡೆಸುವ ನಿರ್ವಾತ ಪಾತ್ರೆಗೆ ಎಲ್ಲಿಂದಲೋ ಗಾಳಿ ನುಗ್ಗುತ್ತಿತ್ತು. ಮೆಕ್ಯಾನಿಕ್ ಕೈಚೆಲ್ಲಿದ. ನಿನ್ನ ಮಗಳು ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೊಂದೇ ಜೋಡಣೆಗೆ ಸವರುತ್ತ, ತೂತಿದ್ದಲ್ಲಿ ಮಾಪಕದ ಮುಳ್ಳು ಜಿಗಿಯುತ್ತದೆಯೇ ಎಂದು ನೋಡುತ್ತ ಮೂರು ದಿನ ಕೂತಳು. ಕೊನೆಗೆ "ಮೇಡಂ, ಸಿಕ್ಬಿಡ್ತು, ಬೇಗ ಬನ್ನಿ!" ಎಂದು ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿದಳು. ಇಂಥ ಕೈಗಳನ್ನು ಚಿಪ್ ಕಾರ್ಖಾನೆಯವರು, ಸ್ಕ್ಯಾನಿಂಗ್ ಯಂತ್ರ ತಯಾರಿಸುವವರು ಹುಡುಕಿಕೊಂಡು ಬರುತ್ತಾರೆ. ಕೆಲಸದ ಚಿಂತೆ ನಿನಗೆ ಬೇಡ.

ನನಗೂ ಅಂಥ ಕೈಗಳಿದ್ದವು. ನಮ್ಮ ಪ್ರೊಫೆಸರು ವಿದೇಶದ ಓದಿಗೆ ವರ್ಷಕ್ಕೆ ಒಬ್ಬರಿಗಷ್ಟೇ ಶಿಫಾರಸು ಬರೆಯುತ್ತಿದ್ದರು. ಆ ವರ್ಷ ನನಗೇ ಎಂದಿದ್ದರು. ನೀನು ಅವರ ಕೋಣೆಗೆ ಹೋಗಿ, ಅವಳಿಗೆ ಮದುವೆ ನಿಶ್ಚಯವಾಗಿದೆ, ಹೇಳಿಕೊಳ್ಳಲು ನಾಚಿಕೆಪಡುತ್ತಿದ್ದಾಳೆ ಎಂದು ನನ್ನ ಬಗ್ಗೆ ಹೇಳಿದೆ. ನಿಶ್ಚಯವೂ ಇರಲಿಲ್ಲ, ವರನೂ ಇರಲಿಲ್ಲ. ಪತ್ರ ನಿನ್ನ ಪಾಲಾಯಿತು. ನನಗೆ ತಿಳಿದದ್ದು ಅವರು ನಿವೃತ್ತರಾದ ದಿನ. "ಅಲ್ಲಮ್ಮಾ, ನಿನ್ನ ಗೆಳತಿ ಬಂದು ಹೇಳಿದ್ಲಲ್ಲ, ಆ ಮದುವೆ ಏನಾಯ್ತು?" ಎಂದು ಪಾಪ, ಕಾಳಜಿಯಿಂದಲೇ ಕೇಳಿದರು.

ಹೊಟ್ಟೆ ಉರಿಯಿತು. ಇವತ್ತೂ ಉರಿಯುತ್ತಿದೆ. ನಿನ್ನ ಮಗಳ ಬಗ್ಗೆ ಎರಡು ಸಪ್ಪೆ ಸಾಲು ಗೀಚಿ ಸೇಡು ತೀರಿಸಿಕೊಳ್ಳೋಣ ಎಂದು ಬರೆದೂ ನೋಡಿದೆ. ಪೆಟ್ಟು ಬೀಳುವುದು ಅವಳಿಗೆ, ನಿನಗಲ್ಲ. ಹರಿದು ಹಾಕಿ ನಿಜವನ್ನೇ ಬರೆದೆ: ನಾನು ಪಾಠ ಮಾಡಿದವರಲ್ಲೆಲ್ಲ ಇವಳೇ ಮೇಲು, ಅತಿಶೀತ ಪ್ರಯೋಗಾಲಯಕ್ಕೇ ತಕ್ಕವಳು. ನಿನ್ನೆ ಕಳಿಸಿಯಾಯಿತು. ಆಸ್ಪತ್ರೆಯ ಕೋರ್ಸಿಗೆ ಬರೆದಿಲ್ಲ. ಅವಳು ಕೇಳಲೂ ಇಲ್ಲ.

ಒಮ್ಮೆ ಬೇರೊಂದು ಕೇಳಿದಳು. "ನೀವ್ಯಾಕೆ ಮೇಡಂ ಹೊರಗಡೆ ಓದೋಕೆ ಹೋಗ್ಲಿಲ್ಲ? ನಿಮಗೆ ಧೈರ್ಯ ಸಾಲ್ಲಿಲ್ಲ ಅಂತಾರೆ ಅಮ್ಮ." ಮಗಳೆದುರು ತಾಯಿಯ ಬಗ್ಗೆ ಬಾಯಿ ಬಿಡುವುದು ನನಗೆ ಒಗ್ಗುವುದಿಲ್ಲ.

ಇಂತಿ,
ನಿನ್ನ ಲ್ಯಾಬ್ ಜೊತೆಗಾತಿ

ಮರೆತಿದ್ದೆ: ಅವಳು ನಾಳೆ ರಜೆಗೆ ಮನೆಗೆ ಬರುತ್ತಿದ್ದಾಳಲ್ಲ, ಈ ಪತ್ರ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ. ಅಮ್ಮನಿಗೆ ಕೊಡು, ದಾರಿಯಲ್ಲಿ ಬೇಜಾರಾದರೆ ನೀನೂ ಓದು ಎಂದು ಹೇಳಿಯೇ ಕೊಡುತ್ತೇನೆ.