ಮೂರನೆಯ ಪ್ರಕಟಣೆ

೬ ಮೇ ೧೯೬೨, ಭಾನುವಾರ

ಬೆಂಚು ಒರೆಸಿದ್ದು, ಹಾಡಿನ ಪುಸ್ತಕ ಜೋಡಿಸಿದ್ದು ಎಂದಿನಂತೆ ನಾನೇ. ಸಭೆಯ ಹಿರಿಯ ಅಂದರೆ ಇಷ್ಟೇ ಕೆಲಸ. ಇವತ್ತು ಪಾದ್ರಿ ಅಯ್ಯನವರು ನನ್ನ ಮಗಳು ಕೃಪಾಳ ಮದುವೆಯ ಮೊದಲ ಪ್ರಕಟಣೆ ಓದಿದರು. ವರ ಜ್ಞಾನಮಿತ್ರ, ಫ್ಯಾಕ್ಟರಿಯಲ್ಲಿ ಫಿಟ್ಟರ್. ಇನ್ನೆರಡು ಭಾನುವಾರ ಓದಬೇಕು. ಯಾರದೂ ಆಕ್ಷೇಪಣೆ ಬರದಿದ್ದರೆ ಮದುವೆ. ಕ್ವಾಯರ್‌ನಲ್ಲಿದ್ದ ಕೃಪಾ ನಾಚಿಕೊಂಡು ಒಂದು ಸಾಲು ಬಿಟ್ಟೇ ಹಾಡಿದಳು. ಹುಡುಗ ಮಾತ್ರ ಬಂದಿರಲಿಲ್ಲ. ಡ್ಯೂಟಿಯಂತೆ.

೧೦ ಮೇ, ಗುರುವಾರ

ಬರೀ ಡ್ಯೂಟಿ ಅಲ್ಲ. ಸಾರಕ್ಕಿಯ ಒಂದು ಮನೆಯಲ್ಲಿ ಶನಿವಾರವೇ ಸಬ್ಬತ್, ದೇವರಿಗೆ ಮೀಸಲಾದ ದಿನ, ಎನ್ನುವವರು ಕೂಡುತ್ತಾರೆ. ಮೂರು ತಿಂಗಳಿಂದ ಹುಡುಗ ಅಲ್ಲಿಗೇ ಹೋಗುತ್ತಿದ್ದಾನೆ. ಶನಿವಾರ ರಜೆ ಕೇಳಿ ಪಡೆದು, ಬದಲಿಗೆ ಭಾನುವಾರ ದುಡಿಯುತ್ತಾನೆ. ಕೃಪಾಗೆ ಮೊದಲೇ ಗೊತ್ತಿತ್ತು. ಮೈ ಉರಿಯಿತು.

"ಏಳನೇ ದಿನ ಅಂತ ದೇವರ ಆಜ್ಞೇಲೇ ಇದೆಯಲ್ಲಪ್ಪ" ಅಂದಳು.

"ಯೇಸು ಕರ್ತರು ಸತ್ತು ಎದ್ದಿದ್ದು ಭಾನುವಾರ ಕಣಮ್ಮ. ನಮ್ಮಜ್ಜನ ಕಾಲದಿಂದ ಅದೇ ನಮ್ಮ ದಿನ."

"ನನಗೇನೂ ಭಾನುವಾರ ಬಿಡು ಅಂದಿಲ್ಲ ಅವರು."

"ಮದುವೆ ಆದ್ಮೇಲೆ ಅಂತಾನೆ. ಒಂದು ಭಾನುವಾರ ಬಂದು ನಮ್ಜೊತೆ ಕೂತ್ಕೊಳ್ಲಿ, ನಾನು ಬಾಯಿ ಬಿಡಲ್ಲ. ಇಲ್ದಿದ್ರೆ ಮೂರನೇ ಸಲ ಓದುವಾಗ ಎದ್ದು ನಿಲ್ತೀನಿ."

೧೩ ಮೇ, ಭಾನುವಾರ

ಎರಡನೆಯದೂ ಆಯಿತು. ಹುಡುಗನ ಸುಳಿವಿಲ್ಲ. ಕೃಪಾ ಊಟ ಬಿಟ್ಟಳು. ರೂತಮ್ಮ — ಇಪ್ಪತ್ತೈದು ವರ್ಷ ನನ್ನೊಡನೆ ಬಾಳಿ ಒಮ್ಮೆಯೂ ದನಿ ಎತ್ತದ ಹೆಂಡತಿ — "ನಿಮಗೆ ದಿನ ಹೆಚ್ಚೋ ಮಗಳು ಹೆಚ್ಚೋ?" ಎಂದು ಕೇಳಿದಳು. ದಿನ ಅಂದೆ. ಹಟಕ್ಕೆ ಅಂದೆ.

೨೦ ಮೇ, ಭಾನುವಾರ, ಮಧ್ಯಾಹ್ನ

ಹಿರಿಯರ ಬೆಂಚು ಎಲ್ಲಕ್ಕಿಂತ ಮುಂದೆ. ಆರಾಧನೆ ನಡೆಯುವಾಗ ತಿರುಗಿ, ಯಾರು ಬಂದರೆಂದು ನೋಡುವುದು ನಮಗೆ ಮರ್ಯಾದೆಯಲ್ಲ. ನೋಡಲಿಲ್ಲ. ಕ್ವಾಯರ್‌ನಿಂದ ಕೃಪಾ ನನ್ನನ್ನು ನೋಡಿ ನಕ್ಕಳು. ನಿನ್ನ ಕೈಲಾದದ್ದು ಮಾಡು ಎನ್ನುತ್ತಿದ್ದಾಳೆ ಅಂದುಕೊಂಡೆ. ಅಯ್ಯನವರು ಓದಿದರು. ಎದ್ದೆ. "ವರ ನಮ್ಮ ಸಭೆಯವನಾಗಿ ಉಳಿದಿಲ್ಲ. ನನ್ನ ಆಕ್ಷೇಪಣೆ ಇದೆ."

ಹಿಂದೆ ಗುಸುಗುಸು. ಆಗ ತಿರುಗಿದೆ. ಕೊನೆಯ ಬೆಂಚಿನಲ್ಲಿ ಜ್ಞಾನಮಿತ್ರ. ಇಸ್ತ್ರಿ ಮಾಡಿದ ಬಿಳಿ ಅಂಗಿ. ರಜೆ ಹಾಕಿ, ಮೊದಲ ಹಾಡಿಗೇ ಬಂದು ಕೂತಿದ್ದನಂತೆ. ಒಂದು ಭಾನುವಾರ ಬರಲಿ ಅಂದಿದ್ದ ನನ್ನ ಮಾತಿಗೆ. ಕೃಪಾ ಇಳಿದು ಬಂದು ಅವನ ಜೊತೆ ಹೊರಗೆ ನಡೆದಳು. ದೇವರೇ, ನಾನೇನು ಮಾಡಿಬಿಟ್ಟೆ.

೨೨ ಮೇ, ಮಂಗಳವಾರ

ಆಕ್ಷೇಪಣೆ ವಾಪಸ್ ಎಂದು ಬರೆದುಕೊಟ್ಟೆ. ಹುಡುಗನ ಮನೆಗೂ ಹೋದೆ. ಮಜ್ಜಿಗೆ ಕೊಟ್ಟ.

"ಒಂದು ಭಾನುವಾರ ನಿಮಗೋಸ್ಕರ ಬಂದೆ ಮಾವ. ಇನ್ನು ಆ ಚರ್ಚಿಗೆ ಬರೋದು ನನ್ನ ಕೈಲಾಗಲ್ಲ" ಅಂದ. ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

೨೫ ಜೂನ್, ಸೋಮವಾರ

ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ ಆಯಿತು. ರೂತಮ್ಮ ಹೋಗಿಬಂದಳು. ನನಗೆ ಕರೆ ಇರಲಿಲ್ಲ.

೧ ಆಗಸ್ಟ್, ಬುಧವಾರ

ರೂತಮ್ಮ ಮಗಳ ಮನೆಯಿಂದ ಬಂದಳು. "ಅಪ್ಪ ಯಾವ ದಿನ ಬಂದ್ರೂ ಸರಿ ಅಂದ್ಳು. ಹೋಗ್ಬನ್ನಿ."

ಯಾವ ದಿನವಾದರೂ. ನಮ್ಮ ಜಯನಗರದಿಂದ ಮಗಳಿರುವ ಸಾರಕ್ಕಿ ಎಷ್ಟು ದೂರ? ಅಂಗಿ ಹಾಕಿಕೊಂಡೆ. ಚಪ್ಪಲಿ ಮೆಟ್ಟಿದೆ. ಗೇಟಿನಿಂದ ವಾಪಸ್ ಬಂದು ಇದನ್ನು ಬರೆಯುತ್ತಿದ್ದೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಅತ್ತರೆ ಜೊತೆಗೆ ಅಳುತ್ತೇನೆ. ಆದರೆ ಅವಳು ಕುರ್ಚಿ ಎಳೆದು, ಸೆರಗು ಹೊದ್ದುಕೊಂಡು, ಹೊರಗಿನವರಿಗೆ ಹೇಳುವ ಹಾಗೆ "ಬನ್ನಿ, ಕೂತ್ಕೊಳ್ಳಿ" ಎಂದುಬಿಟ್ಟರೆ…